ನದಿಗೆ ನ್ಯಾಯಿಕ ವ್ಯಕ್ತಿತ್ವ: ಗಂಗಾ ಯಮುನೆಯರ ಮೊಕದ್ದಮೆಯ ಒಂದು ಅಧ್ಯಯನ

ಕಾನೂನಿನ ಪರಿಭಾಷೆಯಲ್ಲಿ ‘ವ್ಯಕ್ತಿ’ ಎಂಬ ಶಬ್ದಕ್ಕೆ ಲೋಕರೂಢಿಯ ಅರ್ಥಕ್ಕಿಂತ ವಿಶಾಲವಾದ ಅರ್ಥವುಂಟು. ಆಸ್ತಿಯನ್ನು ಹೊಂದಬಲ್ಲ, ದಾವೆ ಹೂಡಬಲ್ಲ, ದಾವೆಗೆ ಗುರಿಯಾಗಬಲ್ಲ ಯಾವುದನ್ನಾದರೂ ಕಾನೂನು ವ್ಯಕ್ತಿಯೆಂದು ಕರೆಯುತ್ತದೆ. ಅದಕ್ಕೆ ಕೈಕಾಲುಗಳಿರಬೇಕೆಂಬ ನಿಯಮವಿಲ್ಲ. ಬ್ಯಾಂಕು, ಪುರಸಭೆ, ವಿಶ್ವವಿದ್ಯಾನಿಲಯ ಇವೆಲ್ಲವೂ ಈ ಅರ್ಥದಲ್ಲಿ ವ್ಯಕ್ತಿಗಳೇ. ಇದಕ್ಕೆ ನಿದರ್ಶನವನ್ನು ಅರಸಿಕೊಂಡು ಈ ಸಂಚಿಕೆಯ ವಾಚಕರು ದೂರ ಹೋಗಬೇಕಾದುದಿಲ್ಲ. ಮಠವೆಂಬುದೂ ನ್ಯಾಯಿಕ ವ್ಯಕ್ತಿಯೇ ಆಗಿದೆ. ಪೀಠವನ್ನು ಅಲಂಕರಿಸಿದವರು ಕಾಲಾನುಕ್ರಮದಲ್ಲಿ ಲಿಂಗೈಕ್ಯರಾಗುತ್ತಾರೆ, ಮತ್ತೊಬ್ಬರು ಬರುತ್ತಾರೆ. ಆದರೆ ಶರಣಜೀವಿಯೊಬ್ಬರು ದಾಸೋಹಕ್ಕೆಂದು ಬರೆದುಕೊಟ್ಟ ಎರಡೆಕರೆ ಹೊಲ ಮಠದ ಹೊಲವಾಗಿಯೇ ಉಳಿಯುತ್ತದೆ. ದಾನಿಗಳು ಪತ್ರದ ಮೇಲೆ ಸಹಿ ಹಾಕುವಾಗ ಯಾರಿಗೆ ಕೊಡುತ್ತಿದ್ದೇವೆಂದು ಯೋಚಿಸಿದರೆ ಈ ತತ್ವ ತಾನಾಗಿ ತಿಳಿಯುತ್ತದೆ.

ಹೀಗಿರುವಲ್ಲಿ ನದಿಯೊಂದನ್ನು ವ್ಯಕ್ತಿಯೆಂದು ಸಾರಿದರೆ ಆಶ್ಚರ್ಯಪಡಬೇಕಾದುದೇನಿದೆ ಎಂದು ಕೇಳಬಹುದು. 2017ನೆಯ ಇಸವಿ ಮಾರ್ಚ್ 20ರಂದು ನೈನಿತಾಲದಲ್ಲಿರುವ ಉತ್ತರಾಖಂಡ ಉಚ್ಚ ನ್ಯಾಯಾಲಯವು ಸಾರಿದ್ದು ಇದನ್ನೇ. ನ್ಯಾಯಮೂರ್ತಿಗಳಾದ ರಾಜೀವ ಶರ್ಮಾ ಮತ್ತು ಆಲೋಕ ಸಿಂಗ್ ಅವರ ಪೀಠವು ಗಂಗೆ, ಯಮುನೆ, ಅವುಗಳ ಉಪನದಿಗಳು ಹಾಗೂ ತೊರೆಗಳು ಸಜೀವ ವ್ಯಕ್ತಿಯ ಹಕ್ಕು, ಕರ್ತವ್ಯ, ಹೊಣೆಗಳೆಲ್ಲವನ್ನೂ ಪಡೆದ ನ್ಯಾಯಿಕ ವ್ಯಕ್ತಿಗಳೆಂದು ಘೋಷಿಸಿತು. ಮೂಲ ಮೊಕದ್ದಮೆ ನದಿಯ ವ್ಯಕ್ತಿತ್ವದ ವಿಚಾರವಾಗಿ ಹೂಡಿದ್ದೇ ಅಲ್ಲವೆಂಬುದು ಗಮನಾರ್ಹ. ಡೆಹರಾಡೂನಿನ ಕಾಲುವೆಯ ಪಕ್ಕದ ಸರ್ಕಾರಿ ನೆಲದ ಒತ್ತುವರಿ, ಉತ್ತರ ಪ್ರದೇಶ ಮತ್ತು ಉತ್ತರಾಖಂಡಗಳ ನಡುವೆ ಬಹುಕಾಲದಿಂದ ಹಂಚಿಕೆಯಾಗದೆ ಉಳಿದ ಆಸ್ತಿ, ಇಂಥ ಒಣ ವಿಷಯಗಳಿಂದ ಆರಂಭವಾದ ವ್ಯಾಜ್ಯವದು. ಹತ್ತು ದಿನ ಕಳೆದು ಮಾರ್ಚ್ 30ರಂದು ಅದೇ ಪೀಠವು ಇನ್ನೊಂದು ಅರ್ಜಿಯಲ್ಲಿ ಗಂಗೋತ್ರಿ, ಯಮುನೋತ್ರಿ ಹಿಮನದಿಗಳನ್ನೂ ಸರೋವರ, ಅರಣ್ಯ, ಜಲಪಾತಗಳನ್ನೂ ಈ ವ್ಯಕ್ತಿವರ್ಗಕ್ಕೆ ಸೇರಿಸಿತು.

ಕಾಕತಾಳೀಯವೆಂಬಂತೆ, ನ್ಯೂಜಿಲೆಂಡಿನ ಸಂಸತ್ತು ಅಂಗೀಕರಿಸಿದ ವಾಂಗನುಯಿ ನದಿಯ ಕಾಯಿದೆಗೆ ಅಂಕಿತ ಬಿದ್ದುದೂ ಅದೇ ಮಾರ್ಚ್ 20ರಂದು. ಎರಡು ಘಟನೆಗಳನ್ನೂ ಒಂದೇ ಉಸಿರಿನಲ್ಲಿ ಹೇಳುವುದು ವಾಡಿಕೆಯಾಗಿಬಿಟ್ಟಿದೆ. ಆದರೆ ಹೆಸರಿನಲ್ಲಿ ಒಂದಾದರೂ ಸ್ವರೂಪದಲ್ಲಿ ಇವು ಬಹಳ ಭಿನ್ನವಾದವು. ಆ ಭೇದವನ್ನು ಅರಿಯದೆ ಗಂಗೆಯ ಮೊಕದ್ದಮೆಯ ಬಲಾಬಲಗಳನ್ನು ತೂಗುವುದು ಸಾಧ್ಯವಿಲ್ಲ.

ಮೊದಲು ಈ ವಿಚಾರದ ಮೂಲವನ್ನು ನೋಡೋಣ. ಕಾಡು, ನದಿಗಳಿಗೂ ನ್ಯಾಯಾಲಯದಲ್ಲಿ ನಿಲ್ಲುವ ಹಕ್ಕು ಏಕಿರಬಾರದೆಂಬ ಪ್ರಶ್ನೆಯನ್ನು ಪಾಂಡಿತ್ಯಪೂರ್ಣವಾಗಿ ಎತ್ತಿದವರು ಅಮೆರಿಕೆಯ ಕಾನೂನು ಪ್ರಾಧ್ಯಾಪಕ ಕ್ರಿಸ್ಟೋಫರ್ ಸ್ಟೋನ್. ಅದು 1972ರಲ್ಲಿ. ಕ್ಯಾಲಿಫೋರ್ನಿಯದ ಮಿನರಲ್ ಕಿಂಗ್ ಕಣಿವೆಯಲ್ಲಿ ಡಿಸ್ನಿ ಸಂಸ್ಥೆಯು ಮಂಜಿನ ಕ್ರೀಡಾಧಾಮ ಕಟ್ಟಲು ಹೊರಟಾಗ ಸಿಯೆರಾ ಕ್ಲಬ್ ಎಂಬ ಸಂಘ ಅದನ್ನು ಪ್ರಶ್ನಿಸಿತ್ತು. ಸಂಘಕ್ಕೆ ಸ್ವಂತ ಹಾನಿಯೇನೂ ಆಗಿಲ್ಲವಾದ್ದರಿಂದ ದಾವೆ ಹೂಡುವ ಅಧಿಕಾರವಿಲ್ಲವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ನ್ಯಾಯಮೂರ್ತಿ ಡಗ್ಲಸ್ ಒಬ್ಬರು ಮಾತ್ರ ತಮ್ಮ ಭಿನ್ನಮತದಲ್ಲಿ, ಕಣಿವೆಯೇ ವಾದಿಯಾಗಿ ನಿಲ್ಲಬೇಕಿತ್ತೆಂಬ ಸ್ಟೋನರ ನಿಲುವನ್ನು ಎತ್ತಿಹಿಡಿದರು. ಅಂದರೆ ಅಲ್ಲಿ ವ್ಯಕ್ತಿತ್ವದ ಕಲ್ಪನೆ ಹುಟ್ಟಿದ್ದು ಮುಚ್ಚಿದ ಬಾಗಿಲೊಂದನ್ನು ತೆರೆಯುವುದಕ್ಕಾಗಿ.

ನಮ್ಮ ದೇಶದಲ್ಲಿ ಆ ಬಾಗಿಲು ಆಗಲೇ ತೆರೆದಿತ್ತು. ಕಾನಪುರದ ಜಾಜಮಾವು ಪ್ರದೇಶದ ಚರ್ಮ ಹದಮಾಡುವ ಕಾರ್ಖಾನೆಗಳು ಕ್ರೋಮಿಯಂ ಬೆರೆತ ಕಲ್ಮಷವನ್ನು ಗಂಗೆಗೆ ಬಿಡುತ್ತಿದ್ದುದರ ವಿರುದ್ಧ ನ್ಯಾಯವಾದಿ ಎಂ. ಸಿ. ಮೆಹ್ತಾ ಅವರು ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. 1987ರ ಸೆಪ್ಟೆಂಬರ್ ತೀರ್ಪಿನಲ್ಲಿ ನ್ಯಾಯಾಲಯವು, ಕನಿಷ್ಠ ಕೂಲಿ ಕೊಡಲಾರದ ಉದ್ಯಮ ಹೇಗೆ ನಡೆಯಬಾರದೋ ಹಾಗೆಯೇ ಪ್ರಾಥಮಿಕ ಶುದ್ಧೀಕರಣದ ವ್ಯವಸ್ಥೆ ಮಾಡಿಕೊಳ್ಳಲಾರದ ಕಾರ್ಖಾನೆಯೂ ನಡೆಯಬಾರದೆಂಬ ಕಠಿಣವಾದ ನಿಲುವು ತಳೆಯಿತು. 1988ರ ಜನವರಿಯ ಎರಡನೆಯ ತೀರ್ಪು ಕಾನಪುರದ ನಗರಪಾಲಿಕೆಯನ್ನು ಕುರಿತದ್ದು. ಮೆಹ್ತಾ ಅವರು ಗಂಗಾತೀರದ ಭೂಮಾಲೀಕರಲ್ಲದಿದ್ದರೂ ಆ ನೀರನ್ನು ಬಳಸುವವರ ಪ್ರಾಣರಕ್ಷಣೆಯಲ್ಲಿ ಆಸಕ್ತಿಯುಳ್ಳವರಾದ್ದರಿಂದ ಅವರ ಅರ್ಜಿ ಊರ್ಜಿತವೆಂದು ಅಲ್ಲಿ ಹೇಳಲಾಯಿತು. ನದಿಯ ಪರವಾಗಿ ಯಾರು ಬೇಕಾದರೂ ಬರಬಹುದಾದ ಮೇಲೆ ನದಿಯೇ ಬರಬೇಕೆಂಬ ಅಗತ್ಯವೇನು? 2017ರ ತೀರ್ಪನ್ನು ಹೊಗಳುವವರು ಸಾಮಾನ್ಯವಾಗಿ ಈ ಪ್ರಶ್ನೆಯನ್ನು ಮುಟ್ಟದೆ ಮುಂದೆ ಸಾಗುತ್ತಾರೆ.

ಅಗತ್ಯವೇ ಇಲ್ಲವೆಂದು ಹೇಳುವುದು ನನ್ನ ಉದ್ದೇಶವಲ್ಲ. ಇಂದಿನ ಕಾನೂನಿನಲ್ಲಿ ಹಾನಿಯ ಅಳತೆಗೋಲು ಮನುಷ್ಯನೇ. ಸ್ನಾನಯೋಗ್ಯ ನೀರಿನ ಪ್ರಮಾಣವನ್ನೇ ತೆಗೆದುಕೊಳ್ಳಿ. ಒಂದು ಲೀಟರಿಗೆ ಜೈವಿಕ ಆಮ್ಲಜನಕದ ಬೇಡಿಕೆ 3 ಮಿಲಿಗ್ರಾಂ ಮೀರಬಾರದು, ಕರಗಿದ ಆಮ್ಲಜನಕ 5 ಮಿಲಿಗ್ರಾಮಿಗೆ ಕಡಿಮೆಯಾಗಬಾರದು, ಮಲಜನ್ಯ ಬ್ಯಾಕ್ಟೀರಿಯಗಳ ಎಣಿಕೆ 100 ಮಿಲಿಲೀಟರಿಗೆ 2500ನ್ನು ದಾಟಬಾರದು. ಇವೆಲ್ಲ ಮುಖ್ಯವಾಗಿ ಮೀಯುವವನ ಕ್ಷೇಮವನ್ನು ನೋಡಿ ಗೊತ್ತುಮಾಡಿದ ಅಂಕಿಗಳು. ಯಾರೂ ಮೀಯದ ಕಡೆ ನದಿ ಸತ್ತರೆ ಅಳುವವರಾರು? ನದಿಯನ್ನೇ ವ್ಯಕ್ತಿಯೆಂದು ಬಗೆದಾಗ ಹಾನಿಯನ್ನು ಅದರ ಮೈಯಿಂದಲೇ ಅಳೆಯಬೇಕಾಗುತ್ತದೆ, ಬಂದ ಪರಿಹಾರಧನವನ್ನು ಅದಕ್ಕೇ ವಿನಿಯೋಗಿಸಬೇಕಾಗುತ್ತದೆ. ಇದು ಸಣ್ಣ ಲಾಭವಲ್ಲ.

ಇಂಥ ವ್ಯಕ್ತಿತ್ವವನ್ನು ನಡೆಸಿಕೊಂಡು ಹೋಗುವ ಕಲೆಯಲ್ಲಿ ಭಾರತದ ನ್ಯಾಯಾಲಯಗಳಿಗೆ ಶತಮಾನಕ್ಕೂ ಮೀರಿದ ಅನುಭವವುಂಟು. ದೇವರ ವಿಗ್ರಹವನ್ನು ವ್ಯಕ್ತಿಯೆಂದು ಅವು ಬಹುಕಾಲದಿಂದ ಮಾನ್ಯಮಾಡಿವೆ. 1925ರಲ್ಲಿ ಪ್ರಿವಿ ಕೌನ್ಸಿಲಿನ ಮುಂದೆ ಬಂದ ಕಲ್ಕತ್ತೆಯ ಮಲ್ಲಿಕ ಮನೆತನದ ವ್ಯಾಜ್ಯ ಇಲ್ಲಿ ಬಹು ಮುಖ್ಯವಾದದ್ದು. ಕುಲದೇವರ ಪೂಜೆಯ ಸರದಿ ಬಂದ ಸಹೋದರನೊಬ್ಬನು ವಿಗ್ರಹವನ್ನು ತನ್ನ ಮನೆಗೆ ಒಯ್ಯಬಹುದೇ ಎಂಬುದು ವಿವಾದ. ವಿಗ್ರಹ ಮೇಜು ಕುರ್ಚಿಯಂತೆ ಎತ್ತಿಡುವ ಸರಕಲ್ಲ, ಎಲ್ಲಿರಬೇಕೆಂಬ ವಿಷಯದಲ್ಲಿ ದೇವರ ಇಚ್ಛೆಯನ್ನೂ ಗೌರವಿಸಬೇಕು ಎಂದು ನ್ಯಾಯಾಧೀಶರು ಹೇಳಿದರು. ಆ ಇಚ್ಛೆಯನ್ನು ತಿಳಿಸುವವರಾರು? ಜಗಳದಲ್ಲಿ ಯಾವ ಪಾಲೂ ಇಲ್ಲದ, ನಿರಪೇಕ್ಷನಾದ ಒಬ್ಬ ಹಿತೈಷಿ ದೇವರ ಪರವಾಗಿ ನಿಲ್ಲಬೇಕೆಂದು ವಿಧಿಸಿದರು. 1967ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ರಾಧಾಬಲ್ಲಭಜೀ ದೇವರ ಮೊಕದ್ದಮೆಯಲ್ಲಿ ಇನ್ನೂ ಒಂದು ಹೆಜ್ಜೆ ಇಟ್ಟಿತು. ದೇವರ ಆಸ್ತಿಯನ್ನು ನೋಡಿಕೊಳ್ಳಬೇಕಾದ ಶೇಬೈತನೇ ದೇವರ ಹಿತಕ್ಕೆ ವಿರೋಧವಾಗಿ ನಡೆದಾಗ, ಸಾಮಾನ್ಯ ಭಕ್ತನೂ ದೇವರ ಹೆಸರಿನಲ್ಲಿ ದಾವೆ ಹೂಡಬಹುದೆಂಬುದು ಅದರ ಸಾರ. 1969ರಲ್ಲಿ ದೇವರಿಗೂ ಆದಾಯ ತೆರಿಗೆ ವಿಧಿಸಬಹುದೆಂದು ತೀರ್ಮಾನವಾಯಿತು. ವ್ಯಕ್ತಿಯಾದ ಮೇಲೆ ತೆರಿಗೆ ತಪ್ಪಿಸಿಕೊಳ್ಳುವುದು ದೇವರಿಂದಲೂ ಆಗದು ತಾನೆ!

ಮಠಗಳ ವಿಷಯದಲ್ಲಿಯೂ ಹೀಗೆಯೇ. 1921ರಲ್ಲಿ ಪ್ರಿವಿ ಕೌನ್ಸಿಲ್ ಮಠಾಧಿಪತಿಯನ್ನು ಇಂಗ್ಲೆಂಡಿನ ಕಾನೂನಿನ ಅರ್ಥದಲ್ಲಿ ನ್ಯಾಸಧಾರಿಯೆಂದು ಕರೆಯಲು ಒಪ್ಪಲಿಲ್ಲ. ನಮ್ಮ ಉಡುಪಿಯ ಶಿರೂರು ಮಠದ ಪ್ರಸಿದ್ಧವಾದ 1954ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮಠಾಧಿಪತಿಯ ಸ್ಥಾನದಲ್ಲಿ ಕರ್ತವ್ಯವೂ ಹಕ್ಕೂ ಬೆರೆತಿರುವುದನ್ನು ಗುರುತಿಸಿ, ಮದರಾಸು ಧಾರ್ಮಿಕ ದತ್ತಿ ಕಾಯಿದೆಯ ಕೆಲವು ವಿಧಿಗಳನ್ನು ತೆಗೆದುಹಾಕಿತು. ಈ ತೀರ್ಪುಗಳ ಹಿರಿಮೆ ಎಲ್ಲಿದೆಯೆಂದರೆ, ಎರವಲು ಅಂಗಿಯನ್ನು ತೊಡಿಸದೆ ಆ ಸಂಸ್ಥೆಯ ಮೈಯಳತೆಯನ್ನು ತೆಗೆದುಕೊಂಡೇ ಕಾನೂನನ್ನು ಹೊಲಿದುದರಲ್ಲಿ.

ಈಗ ನೈನಿತಾಲದ ತೀರ್ಪಿಗೆ ಹಿಂದಿರುಗೋಣ. ವಿಗ್ರಹದ ವ್ಯಕ್ತಿತ್ವವನ್ನು ಒಪ್ಪಿದ ಹಳೆಯ ತೀರ್ಪುಗಳನ್ನೇ ಅದು ಆಧಾರವಾಗಿ ತೆಗೆದುಕೊಂಡಿತು. ಸಂವಿಧಾನದ 48ಎ ಮತ್ತು 51ಎ ವಿಧಿಗಳನ್ನೂ ಜತೆಗಿಟ್ಟಿತು. ಗಂಗಾ ಯಮುನೆಯರು ಕೋಟ್ಯಂತರ ಹಿಂದೂಗಳಿಗೆ ಪವಿತ್ರವೆಂಬುದೇ ಅದರ ವಾದಸರಣಿಯ ಬೆನ್ನೆಲುಬು. ಆಮೇಲೆ ನದಿಗಳಿಗೆ ತಂದೆತಾಯಿಗಳ ಸ್ಥಾನದಲ್ಲಿ ನಿಲ್ಲತಕ್ಕವರೆಂದು ಮೂವರನ್ನು ನೇಮಿಸಿತು: ನಮಾಮಿ ಗಂಗೆ ಯೋಜನೆಯ ನಿರ್ದೇಶಕರು, ಉತ್ತರಾಖಂಡದ ಮುಖ್ಯ ಕಾರ್ಯದರ್ಶಿಗಳು ಮತ್ತು ಅದೇ ರಾಜ್ಯದ ಅಡ್ವೊಕೇಟ್ ಜನರಲ್. ನನಗೆ ತೋರುವಂತೆ ತೀರ್ಪಿನ ದೌರ್ಬಲ್ಯವೆಲ್ಲ ಈ ನೇಮಕದಲ್ಲಿದೆ. ಚರಂಡಿಯ ನೀರನ್ನು ಶುದ್ಧಗೊಳಿಸದೆ ಬಿಡುವ ಪಟ್ಟಣಗಳು ಯಾರ ಆಡಳಿತಕ್ಕೆ ಒಳಪಟ್ಟಿವೆ? ಮರಳು ಗಣಿಗಾರಿಕೆಗೆ ಪರವಾನಗಿ ಕೊಡುವವರಾರು? ಜಲವಿದ್ಯುತ್ ಯೋಜನೆಗಳಿಗೆ ಒಪ್ಪಿಗೆ ನೀಡುವವರಾರು? ಇವೆಲ್ಲಕ್ಕೂ ಉತ್ತರ ಸರ್ಕಾರವೆಂದಾದರೆ, ನದಿಯು ದಾವೆ ಹೂಡಬೇಕಾದ ಪ್ರತಿವಾದಿಯೂ ನದಿಯ ಪೋಷಕನೂ ಒಬ್ಬನೇ ಆದಂತಾಯಿತು. ಅಡ್ವೊಕೇಟ್ ಜನರಲ್ಲರಂತೂ ಅದೇ ಸರ್ಕಾರದ ವಕೀಲರು. 1925ರಲ್ಲಿ ಕುಟುಂಬವೊಂದರ ದೇವರಿಗೆ ನಿರಪೇಕ್ಷನಾದ ಹಿತೈಷಿ ಬೇಕೆಂದು ಕಂಡ ಸತ್ಯ 2017ರಲ್ಲಿ ಗಂಗೆಯ ಪಾಲಿಗೆ ಮರೆತುಹೋಯಿತು.

ಪೋಷಕರಾಗಿ ನೇಮಕಗೊಂಡ ಸರ್ಕಾರವೇ ಆ ನೇಮಕದ ವಿರುದ್ಧ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದುದು ವಿಚಿತ್ರವಾದರೂ ಅನಿರೀಕ್ಷಿತವಲ್ಲ. ಅವರ ಆಕ್ಷೇಪಣೆಗಳು ಮಾತ್ರ ತಳ್ಳಿಹಾಕತಕ್ಕವಲ್ಲ. ಗಂಗೆಯು ಉತ್ತರಾಖಂಡದಿಂದ ಹೊರಟು ಉತ್ತರ ಪ್ರದೇಶ, ಬಿಹಾರ, ಝಾರ್ಖಂಡ, ಪಶ್ಚಿಮ ಬಂಗಾಳಗಳನ್ನು ಹಾದು ಹೋಗುವ ಸುಮಾರು 2525 ಕಿಲೋಮೀಟರುಗಳ ನದಿ. ಒಂದು ರಾಜ್ಯದ ಅಧಿಕಾರಿ ಉಳಿದ ರಾಜ್ಯಗಳಲ್ಲಿ ಅದರ ಪೋಷಕನಾಗುವುದು ಹೇಗೆ? ನದಿಗೆ ಹಕ್ಕಿನೊಡನೆ ಹೊಣೆಯೂ ಉಂಟೆಂದಮೇಲೆ, ಪ್ರವಾಹದಲ್ಲಿ ಮನೆಮಠ ಕಳೆದುಕೊಂಡವರು ನದಿಯ ಮೇಲೆ ದಾವೆ ಹೂಡಿದರೆ ಮುಖ್ಯ ಕಾರ್ಯದರ್ಶಿಗಳು ಪರಿಹಾರ ತೆರಬೇಕೇ? 2013ರ ಜೂನ್ ತಿಂಗಳಲ್ಲಿ ಕೇದಾರದ ಮಹಾಪ್ರವಾಹವನ್ನು ಕಂಡ ರಾಜ್ಯಕ್ಕೆ ಇದು ಬರಿಯ ತರ್ಕದ ಪ್ರಶ್ನೆಯಾಗಿರಲಿಲ್ಲ. 2017ರ ಜುಲೈ 7ರಂದು ಮುಖ್ಯ ನ್ಯಾಯಮೂರ್ತಿ ಜೆ. ಎಸ್. ಖೇಹರ್ ಮತ್ತು ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡರ ಪೀಠವು ಉಚ್ಚ ನ್ಯಾಯಾಲಯದ ಆದೇಶಕ್ಕೆ ತಡೆಯಾಜ್ಞೆ ನೀಡಿತು. ಗಂಗೆಯ ವ್ಯಕ್ತಿತ್ವ ನಿರಾತಂಕವಾಗಿ ನಡೆದುದು ನಾಲ್ಕು ತಿಂಗಳಿಗೂ ಕಡಿಮೆ.

ವಾಂಗನುಯಿಯ ಕಥೆ ಹೀಗಲ್ಲ. ಸುಮಾರು 290 ಕಿಲೋಮೀಟರು ಉದ್ದದ ಆ ನದಿಯ ದಂಡೆಯ ಮಾವೊರಿ ಜನರು 19ನೆಯ ಶತಮಾನದ ಉತ್ತರಾರ್ಧದಿಂದಲೇ ಮನವಿಗಳನ್ನೂ ದಾವೆಗಳನ್ನೂ ಸಲ್ಲಿಸುತ್ತ ಬಂದಿದ್ದರು. ನದಿಯನ್ನು ತಮ್ಮ ಪೂರ್ವಜನೆಂದು ತಿಳಿದವರು ಅವರು. ಪೂರ್ವಜನನ್ನು ಆಸ್ತಿಯೆಂದು ಕರೆಯಲು ಅವರಿಂದಾಗದು, ಸರ್ಕಾರಕ್ಕಾದರೋ ಒಡೆತನದ ಭಾಷೆಯಲ್ಲದೆ ಬೇರೆ ಭಾಷೆ ಬಾರದು. ವ್ಯಕ್ತಿತ್ವವೆಂಬ ಉಪಾಯ ಈ ಎರಡರ ನಡುವೆ ಸಿಕ್ಕಿದ ಸೇತುವೆ. ಕಾಯಿದೆಯ ಮೇರೆಗೆ ನದೀಪಾತ್ರದ ಸರ್ಕಾರಿ ಭಾಗ ನದಿಯ ಹೆಸರಿಗೇ ವರ್ಗವಾಯಿತು. ಸರ್ಕಾರದ ಕಡೆಯಿಂದೊಬ್ಬರು, ನದಿಯ ಜನರ ಕಡೆಯಿಂದೊಬ್ಬರು, ಹೀಗೆ ಇಬ್ಬರು ಸೇರಿ ನದಿಯ ಮುಖವಾಗಿ ನಿಲ್ಲುತ್ತಾರೆ. ಹಳೆಯ ಅನ್ಯಾಯಕ್ಕೆ ಪರಿಹಾರವಾಗಿ 8 ಕೋಟಿ ನ್ಯೂಜಿಲೆಂಡ್ ಡಾಲರುಗಳನ್ನೂ ನದಿಯ ಆರೋಗ್ಯಕ್ಕೆಂದು ಪ್ರತ್ಯೇಕವಾಗಿ 3 ಕೋಟಿ ಡಾಲರುಗಳ ನಿಧಿಯನ್ನೂ ಒದಗಿಸಲಾಯಿತು. ಇದನ್ನು ಪರಿಪೂರ್ಣವೆನ್ನುವಂತಿಲ್ಲ. ನದಿಯ ಪಾತ್ರ ನದಿಯದಾಯಿತೇ ಹೊರತು ನೀರು ಅದರದಾಗಲಿಲ್ಲ. ವಿದ್ಯುದುತ್ಪಾದನೆಗಾಗಿ ಮೇಲ್ಭಾಗದ ತೊರೆಗಳನ್ನು 1970ರ ದಶಕದಲ್ಲಿ ತಿರುಗಿಸಿದ ಯೋಜನೆಯನ್ನು ಕಾಯಿದೆ ಕದಲಿಸಲಿಲ್ಲ. ಆದರೂ ಪೋಷಕರು, ನೆಲ, ಹಣ ಈ ಮೂರೂ ಕೂಡಿಬಂದವು. ನಮ್ಮಲ್ಲಿ ಬಂದದ್ದು ಬಿರುದು ಮಾತ್ರ. ದತ್ತಿಯಿಲ್ಲದೆ ವಿಗ್ರಹ ಪ್ರತಿಷ್ಠೆ ಮಾಡಿದರೆ ದೀಪಕ್ಕೆ ಎಣ್ಣೆ ಎಲ್ಲಿಂದ ಬರಬೇಕು?

ಪಾವಿತ್ರ್ಯವನ್ನೇ ವ್ಯಕ್ತಿತ್ವದ ತಳಹದಿಯನ್ನಾಗಿ ಮಾಡಿಕೊಳ್ಳುವುದರಲ್ಲಿ ಇನ್ನೊಂದು ತೊಡಕುಂಟು. ಅದನ್ನು ಅಧ್ಯಾಪಕ ಬಂಧುಗಳು ಸಾವಧಾನವಾಗಿ ಪರಿಶೀಲಿಸಬೇಕೆಂದು ಕೋರುತ್ತೇನೆ. ಕನ್ನಡದಲ್ಲಿ ಕೊಳೆ ಎಂಬುದು ಬೇರೆ, ಮೈಲಿಗೆ ಎಂಬುದು ಬೇರೆ. ಕೊಳೆಯಾದ ಬಟ್ಟೆ ಮಡಿಯಾಗಿರಬಹುದು, ಶುಭ್ರವಾದ ಬಟ್ಟೆ ಮೈಲಿಗೆಯಾಗಿರಬಹುದು. ನಮ್ಮ ಅಜ್ಜಿಯರಿಗೆ ಇದರಲ್ಲಿ ಯಾವ ಗೊಂದಲವೂ ಇರಲಿಲ್ಲ. ಕಾಶಿಯ ಘಟ್ಟದಲ್ಲಿ ಮೀಯುವ ಶ್ರದ್ಧಾಳುವಿನ ಮನಸ್ಸು ಹೀಗೆಯೇ ನಡೆಯುತ್ತದೆ. ನೀರಿನಲ್ಲಿ ಕೊಳೆಯಿದೆಯೆಂದು ಅವನು ಒಪ್ಪಬಹುದು, ಗಂಗೆ ಮೈಲಿಗೆಯಾದಳೆಂದರೆ ಒಪ್ಪುವುದಿಲ್ಲ. ಎಲ್ಲರ ಪಾಪವನ್ನು ತೊಳೆಯುವವಳನ್ನು ಚರಂಡಿಯ ನೀರು ಏನು ಮಾಡೀತು ಎಂಬುದು ಅವನ ಸಮಾಧಾನ. ಆದ್ದರಿಂದ ಪವಿತ್ರವೆಂಬ ಭಾವನೆ ಹೆಚ್ಚಿದಷ್ಟೂ ನದಿ ಶುದ್ಧವಾಗುತ್ತದೆಂದು ತಿಳಿಯುವುದು ಭ್ರಮೆ. ಎಷ್ಟೋ ಸಂದರ್ಭಗಳಲ್ಲಿ ಆ ಭಾವನೆಯೇ ಕಣ್ಣಿಗೆ ಪೊರೆಯಾಗಿದೆ.

ಈ ಎರಡು ಲೋಕಗಳನ್ನೂ ಒಂದೇ ದೇಹದಲ್ಲಿ ಹೊತ್ತವರೊಬ್ಬರಿದ್ದರು. ಕಾಶಿಯ ಸಂಕಟಮೋಚನ ದೇವಾಲಯದ ಮಹಂತರಾಗಿದ್ದ ವೀರಭದ್ರ ಮಿಶ್ರರು ಬನಾರಸ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಜಲಯಂತ್ರಶಾಸ್ತ್ರದ ಪ್ರಾಧ್ಯಾಪಕರೂ ಹೌದು. ಮಹಂತರಾಗಿ ಅವರು ನಿತ್ಯವೂ ಗಂಗೆಯಲ್ಲಿ ಮುಳುಗೇಳಬೇಕು. ಪ್ರಾಧ್ಯಾಪಕರಾಗಿ ಅದೇ ನೀರಿನ ಪರೀಕ್ಷೆಯ ಫಲಿತಾಂಶವನ್ನು ಓದಬೇಕು. 1982ರಲ್ಲಿ ಅವರು ಸಂಕಟಮೋಚನ ಪ್ರತಿಷ್ಠಾನವನ್ನು ಕಟ್ಟಿದರು. 2013ರಲ್ಲಿ ತೀರಿಕೊಳ್ಳುವವರೆಗೂ ಅದರ ಕೆಲಸ ಬಿಡಲಿಲ್ಲ. ಗಂಗೆ ಕೆಟ್ಟಳೆಂದು ಜನಕ್ಕೆ ಹೇಳಿದರೆ ಅವರು ಮುಖ ತಿರುಗಿಸುತ್ತಾರೆ, ತಾಯಿಯ ಮೈಮೇಲೆ ಹೊಲಸು ಸುರಿಯುತ್ತಿದ್ದಾರೆಂದರೆ ಎದ್ದುನಿಲ್ಲುತ್ತಾರೆ ಎಂಬ ಮರ್ಮ ಅವರಿಗೆ ತಿಳಿದಿತ್ತು. ಪೋಷಕನ ಸ್ಥಾನಕ್ಕೆ ಅರ್ಹತೆಯೇನೆಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಇಂಥವರನ್ನು.

ಹೊಲಸಿನಷ್ಟೇ ದೊಡ್ಡದಾದ, ಆದರೆ ಜನರ ಗಮನಕ್ಕೆ ಅಷ್ಟಾಗಿ ಬಾರದ ಮತ್ತೊಂದು ಗಾಯವಿದೆ. ಅದು ಹರಿವಿನ ಕೊರತೆ. ಯಮುನೆಯ ಒಟ್ಟು ಉದ್ದ ಸುಮಾರು 1376 ಕಿಲೋಮೀಟರು; ದೆಹಲಿಯ ವಜೀರಾಬಾದಿನಿಂದ ಓಖಲಾವರೆಗಿನ ಭಾಗ 22 ಕಿಲೋಮೀಟರು, ಎಂದರೆ ನೂರಕ್ಕೆ ಎರಡಕ್ಕೂ ಕಡಿಮೆ. ಇಡೀ ನದಿಯ ಮಾಲಿನ್ಯದಲ್ಲಿ ನೂರಕ್ಕೆ ಸುಮಾರು 80 ಪಾಲು ಇಷ್ಟರಲ್ಲಿಯೇ ಸೇರುತ್ತದೆಂಬುದು ಎಲ್ಲರೂ ಹೇಳುವ ಲೆಕ್ಕ. ಆದರೆ ಹಥಿನಿಕುಂಡ ಮತ್ತು ವಜೀರಾಬಾದುಗಳಲ್ಲಿ ನೀರನ್ನು ಎತ್ತಿಕೊಂಡ ಬಳಿಕ ಬೇಸಗೆಯಲ್ಲಿ ಕೆಳಗೆ ಹರಿಯುವುದರಲ್ಲಿ ಬಹುಪಾಲು ನಜಫಗಢ ಮುಂತಾದ ನಾಲೆಗಳ ನೀರೇ. ಅಲ್ಲಿ ಕೊಳೆಯಾಗುವುದಕ್ಕೆ ನದಿಯಾದರೂ ಎಲ್ಲಿದೆ? ಗಂಗೆಯ ಬಗ್ಗೆ ಈ ಜಗಳ ಹಳೆಯದು. ಹರಿದ್ವಾರದಲ್ಲಿ ಕಟ್ಟೆ ಕಟ್ಟಿ ಹರಿವನ್ನು ತಡೆಯುವ ಯತ್ನವನ್ನು ಪಂಡಿತ ಮದನಮೋಹನ ಮಾಲವೀಯರ ಮುಂದಾಳತನದಲ್ಲಿ ವಿರೋಧಿಸಿದಾಗ, 1916ರಲ್ಲಿ ಬ್ರಿಟಿಷ್ ಸರ್ಕಾರ ಮಣಿದು ಅಡೆತಡೆಯಿಲ್ಲದ ಧಾರೆಯನ್ನು ಬಿಡಲು ಒಪ್ಪಿಕೊಂಡಿತು. ನೂರು ವರ್ಷಗಳ ಮೇಲೆ ಅದೇ ಬೇಡಿಕೆಗಾಗಿ ಪ್ರಾಣ ತೆತ್ತವರು ಜಿ. ಡಿ. ಅಗ್ರವಾಲರು. ಕಾನಪುರದ ಐಐಟಿಯಲ್ಲಿ ಪ್ರಾಧ್ಯಾಪಕರಾಗಿ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮೊದಲ ಸದಸ್ಯ ಕಾರ್ಯದರ್ಶಿಯಾಗಿ ದುಡಿದು, ಆಮೇಲೆ ಸನ್ಯಾಸ ಪಡೆದು ಸ್ವಾಮಿ ಜ್ಞಾನಸ್ವರೂಪ ಸಾನಂದರಾದವರು. 2018ರ ಜೂನ್ 22ರಂದು ಉಪವಾಸ ಕುಳಿತರು. ಅಕ್ಟೋಬರ್ 9ರಂದು ಕೇಂದ್ರ ಸರ್ಕಾರವು ಹರಿದ್ವಾರದವರೆಗಿನ ಮೇಲ್ಗಂಗೆಯಲ್ಲಿ ಋತುಮಾನಕ್ಕೆ ತಕ್ಕಂತೆ ನೂರಕ್ಕೆ 20, 25, 30ರಷ್ಟು ಹರಿವನ್ನು ಬಿಡತಕ್ಕದ್ದೆಂದು ಅಧಿಸೂಚನೆ ಹೊರಡಿಸಿತು. ಅಷ್ಟು ಸಾಲದೆಂದು ಸಾನಂದರು ಉಪವಾಸ ಬಿಡಲಿಲ್ಲ. 11ರಂದು ದೇಹ ಬಿಟ್ಟರು.

ಗಂಗೆಯ ‘ಇಚ್ಛೆ’ ಏನೆಂದು ನ್ಯಾಯಾಲಯ ಎಂದಾದರೂ ವಿಚಾರಿಸುವುದಾದರೆ ಮೊದಲ ಉತ್ತರ ಹರಿಯುವುದೇ ಆಗಿರಬೇಕು. ವಿಗ್ರಹವನ್ನು ಮನಬಂದಂತೆ ಎತ್ತಿಕೊಂಡು ಹೋಗಕೂಡದೆಂಬ 1925ರ ನ್ಯಾಯವನ್ನು ನದಿಗೆ ಅನ್ವಯಿಸಿದರೆ ಎಷ್ಟು ಕಾಲುವೆಗಳು, ಎಷ್ಟು ಅಣೆಕಟ್ಟುಗಳು ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆಂಬುದನ್ನು ಊಹಿಸಿಕೊಳ್ಳಬಹುದು. ಕಾಲುವೆಯ ಕೊನೆಯಲ್ಲಿ ಗೋದಿ ಬೆಳೆಯುವ ರೈತನೂ ವ್ಯಕ್ತಿಯೇ ಎಂಬುದನ್ನು ಮರೆಯುವಂತಿಲ್ಲ. ಈ ತೊಡಕಿನಿಂದಲೇ ಇರಬೇಕು, 2017ರ ಆದೇಶ ಹರಿವಿನ ಪ್ರಮಾಣವನ್ನು ನಿಗದಿಮಾಡುವ ಗೋಜಿಗೆ ಹೋಗಲಿಲ್ಲ.

ವ್ಯಕ್ತಿತ್ವದ ಘೋಷಣೆಗಳು ಅಲ್ಲಿಗೆ ನಿಲ್ಲಲಿಲ್ಲ. ನ್ಯಾಯಮೂರ್ತಿ ರಾಜೀವ ಶರ್ಮಾ ಅವರು ಪಂಜಾಬ್ ಹರಿಯಾಣ ಉಚ್ಚ ನ್ಯಾಯಾಲಯಕ್ಕೆ ವರ್ಗವಾದ ಮೇಲೆ, 2020ರ ಮಾರ್ಚ್ 2ರಂದು ಚಂಡೀಗಢದ ಸುಖನಾ ಕೆರೆಯನ್ನು ನ್ಯಾಯಿಕ ವ್ಯಕ್ತಿಯೆಂದು ಸಾರಿದ ಪೀಠದಲ್ಲಿಯೂ ಇದ್ದರು. ಆ ಕೆರೆ 1958ರಲ್ಲಿ ಮನುಷ್ಯರು ಕಟ್ಟಿದ್ದು. ಅದಕ್ಕೆ ಪುರಾಣವಿಲ್ಲ, ಪರ್ವಸ್ನಾನವಿಲ್ಲ. ಅಲ್ಲಿಯ ಪೋಷಕರು ನಗರದ ಎಲ್ಲ ನಾಗರಿಕರು. ಅಧಿಕಾರಿಗಳ ಸಂಕೋಲೆಯಿಂದ ಕೆರೆಯನ್ನು ಬಿಡಿಸಿದ್ದು ಮೆಚ್ಚತಕ್ಕದ್ದಾದರೂ, ಎಲ್ಲರ ಮಗುವಾದುದು ಯಾರ ಮಡಿಲಲ್ಲಿ ಮಲಗಬೇಕೆಂಬ ಪ್ರಶ್ನೆ ಉಳಿಯುತ್ತದೆ. ಇತ್ತ 2019ರ ನವೆಂಬರ್ 9ರ ಅಯೋಧ್ಯಾ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ದೇವರ ವ್ಯಕ್ತಿತ್ವವನ್ನು ಎತ್ತಿಹಿಡಿದು, ನೆಲವನ್ನೇ ವ್ಯಕ್ತಿಯೆಂದು ಒಪ್ಪಲು ನಿರಾಕರಿಸಿತು. ಶ್ರದ್ಧೆಯೊಂದರಿಂದಲೇ ನೆಲಕ್ಕೆ ವ್ಯಕ್ತಿತ್ವ ಬರುವುದಾದರೆ ಆ ನೆಲದ ಮೇಲೆ ಇತರರಿಗಿರುವ ಹಕ್ಕುಗಳೆಲ್ಲ ಅಳಿಸಿಹೋಗುವುವೆಂಬುದು ಅಲ್ಲಿನ ಎಚ್ಚರಿಕೆ. ನದಿಗಳ ವಿಚಾರವನ್ನು ಮುಂದೆ ಎತ್ತಿಕೊಳ್ಳುವ ಯಾವ ಪೀಠವೂ ಇದನ್ನು ದಾಟಿಯೇ ಹೋಗಬೇಕು. ನೆರೆಯ ಬಾಂಗ್ಲಾದೇಶದ ಉಚ್ಚ ನ್ಯಾಯಾಲಯವಾದರೋ 2019ರಲ್ಲಿ ತುರಾಗ ನದಿಯ ಮೊಕದ್ದಮೆಯಲ್ಲಿ ಆ ದೇಶದ ಎಲ್ಲ ನದಿಗಳನ್ನೂ ಒಟ್ಟಿಗೆ ವ್ಯಕ್ತಿಗಳೆಂದು ಸಾರಿ, ರಾಷ್ಟ್ರೀಯ ನದೀ ಸಂರಕ್ಷಣಾ ಆಯೋಗವನ್ನು ಪೋಷಕಸ್ಥಾನದಲ್ಲಿ ನಿಲ್ಲಿಸಿತು. ಫರಕ್ಕಾದ ಕೆಳಗೆ ಗಡಿ ದಾಟಿ ಪದ್ಮೆಯೆನಿಸಿಕೊಳ್ಳುವ ನೀರು ಗಂಗೆಯದೇ.

ಪ್ರೌಢಶಾಲೆಯ ಮೇಲ್ತರಗತಿಗಳಲ್ಲಿ ಪೌರನೀತಿಯ ಪಾಠಕ್ಕೆ ಈ ಮೊಕದ್ದಮೆ ಒಳ್ಳೆಯ ಸಾಮಗ್ರಿಯಾದೀತು. ವಿದ್ಯಾರ್ಥಿಗಳನ್ನು ವಾದಿ, ಪ್ರತಿವಾದಿ, ಪೋಷಕ, ನ್ಯಾಯಾಧೀಶರೆಂದು ವಿಭಾಗಿಸಿ ವಾದ ನಡೆಸಬಹುದು. ಗಂಗೆಯನ್ನು ಕಾಣದ ಮಕ್ಕಳಿಗೆ ನಮ್ಮ ನಾಡಿನದೇ ನದಿ ಬೇಕೆನಿಸಿದರೆ ವೃಷಭಾವತಿಯನ್ನು ಕೊಡಬಹುದು. ಬೆಂಗಳೂರಿನ ಬಸವನಗುಡಿಯ ಬಸವಣ್ಣನ ಪಾದದಡಿಯಲ್ಲಿ ಹುಟ್ಟಿದಳೆಂಬ ಐತಿಹ್ಯ ಅವಳಿಗೂ ಉಂಟು. ರಾಜಧಾನಿಯ ಹೊಲಸನ್ನು ಹೊತ್ತು ಬೈರಮಂಗಲದ ಕೆರೆಗೆ ಬಂದು, ಅರ್ಕಾವತಿಯನ್ನು ಕೂಡಿ, ಕನಕಪುರದ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತಾಳೆ. ವಾದಕ್ಕೆ ಮೊದಲು ಮೂರು ಪ್ರಶ್ನೆಗಳನ್ನು ಕಪ್ಪುಹಲಗೆಯ ಮೇಲೆ ಬರೆಯುವುದು ಮೇಲು: ಈ ನದಿಯ ಪೋಷಕರಾರು? ಅವರಿಗೆ ಹಣ ಎಲ್ಲಿಂದ ಬರುತ್ತದೆ? ಅವರು ತಪ್ಪಿದರೆ ಅವರ ಮೇಲೆ ದಾವೆ ಹೂಡುವವರಾರು? ಎರಡು ಅವಧಿಗಳಲ್ಲಿ ಪಾಠ ಮುಗಿಯುವುದಿಲ್ಲ, ನಾಲ್ಕನ್ನಾದರೂ ಮೀಸಲಿಡಬೇಕು.